ಕೆಳಗಿನ ಮನೆಯ ಕಂಪ್ಯೂಟರ್ ಮಹಡಿಯ ಲ್ಯಾಪ್‌ಟಾಪಿಗೆ ಕಾಣಿಸುತ್ತಿಲ್ಲ: ಕಡತ ಮತ್ತು ಪ್ರಿಂಟರ್ ಹಂಚಿಕೆಯ ತೊಂದರೆ

ಬಟವಾಡಿ ನಿವಾಸಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ತುಮಕೂರಿನ ಬಟವಾಡಿಯಲ್ಲಿರುವ ನಮ್ಮ ಮನೆಯ ಕೆಳ ಅಂತಸ್ತಿನಲ್ಲಿ ತಂದೆಯವರ ವಿಂಡೋಸ್ 10 ಕಂಪ್ಯೂಟರ್ ಇದೆ. ಯುಎಸ್‌ಬಿ ಕೇಬಲ್ಲಿನ ಲೇಸರ್ ಪ್ರಿಂಟರ್ ಅದಕ್ಕೇ ಜೋಡಣೆಯಾಗಿದೆ, ಕೊಬ್ಬರಿ ವ್ಯಾಪಾರದ ಲೆಕ್ಕದ ಎಕ್ಸೆಲ್ ಕಡತಗಳೂ ಅದರ ಡಿ ಡ್ರೈವ್‌ನಲ್ಲೇ ಇವೆ. ಮಹಡಿಯಲ್ಲಿ ನನ್ನದು ವಿಂಡೋಸ್ 11 ಲ್ಯಾಪ್‌ಟಾಪ್. ಕೆಳಗಿನ ವೈಫೈ ಮೇಲಕ್ಕೆ ಸರಿಯಾಗಿ ಸಿಗದ ಕಾರಣ, ಇಂಟರ್ನೆಟ್‌ನವರು ಕೊಟ್ಟ ಪೆಟ್ಟಿಗೆಯಿಂದ ಕೇಬಲ್ ಎಳೆಸಿ ಮೇಲೆ ಇನ್ನೊಂದು ರೂಟರ್ ಹಾಕಿಸಿದ್ದೇವೆ. ಎರಡೂ ಕಡೆ ಇಂಟರ್ನೆಟ್ ಚೆನ್ನಾಗಿಯೇ ಬರುತ್ತಿದೆ.

ಮಹಡಿಯಲ್ಲಿರುವಾಗ ನನ್ನ ಲ್ಯಾಪ್‌ಟಾಪಿನ ‘ನೆಟ್‌ವರ್ಕ್’ ಪಟ್ಟಿಯಲ್ಲಿ ತಂದೆಯವರ ಕಂಪ್ಯೂಟರ್ ಕಾಣಿಸುವುದೇ ಇಲ್ಲ. ಹೆಸರು ಟೈಪ್ ಮಾಡಿದರೆ 80070035 ಎಂದು ಕೊನೆಯಾಗುವ ದೋಷಸಂಖ್ಯೆ ಬರುತ್ತದೆ. ಲ್ಯಾಪ್‌ಟಾಪನ್ನು ಕೆಳಗೆ ತಂದು ಹಾಲ್‌ನ ವೈಫೈಗೆ ಸೇರಿಸಿದರೆ ಹೆಸರು ಕಾಣಿಸುತ್ತದೆ, ಆದರೆ ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್ ಕೇಳುತ್ತದೆ. ನನ್ನ ಪಿನ್ ಹಾಕಿದರೆ ಒಪ್ಪುವುದಿಲ್ಲ. ತಂದೆಯವರ ಖಾತೆಗೆ ಪಾಸ್‌ವರ್ಡೇ ಇಲ್ಲದ ಕಾರಣ ಅದನ್ನು ಖಾಲಿ ಬಿಟ್ಟು ನೋಡಿದರೂ ಒಪ್ಪಲಿಲ್ಲ. ಪರಿಚಿತ ರಿಪೇರಿಯವರೊಬ್ಬರು ಎರಡೂ ಕಡೆ ಫೈರ್‌ವಾಲ್ (ಹೊರಗಿನ ಸಂಪರ್ಕಗಳನ್ನು ತಡೆಯುವ ಕಾವಲು) ಆಫ್ ಮಾಡಿ, ಕಡತ ಹಂಚಿಕೆಯ ಹಳೆಯ ವಿಧಾನವಾದ ‘ಎಸ್ಎಂಬಿ 1’ ಆನ್ ಮಾಡಿ ಎನ್ನುತ್ತಿದ್ದಾರೆ. ಹಾಗೆ ಮಾಡಬಹುದೇ?

ಕೋಲಾರದ ಲ್ಯಾಬ್ ಮೇಷ್ಟ್ರು

ದಯವಿಟ್ಟು ಆ ಎರಡನ್ನೂ ಮಾಡಬೇಡಿ. ಎಸ್ಎಂಬಿಯ ಆ ಮೊದಲ ಆವೃತ್ತಿಯಲ್ಲಿದ್ದ ದೋಷವನ್ನೇ ಹಿಡಿದು 2017ರ ಮೇ ತಿಂಗಳಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ‘ವಾನಾಕ್ರೈ’ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಹರಡಿತು. ಅದೇ ವರ್ಷದ ಕೊನೆಯ ಭಾಗದಿಂದ ವಿಂಡೋಸ್ 10ರ ಹೊಸ ಆವೃತ್ತಿಗಳಲ್ಲಿ ಎಸ್ಎಂಬಿ 1 ಅನ್ನು ತಾನಾಗಿ ಸ್ಥಾಪಿಸುವುದನ್ನು ನಿಲ್ಲಿಸಲಾಯಿತು. ವಿಂಡೋಸ್ 10 ಮತ್ತು 11 ಪರಸ್ಪರ ಮಾತನಾಡಲು ಅದರ ಅಗತ್ಯ ಎಳ್ಳಷ್ಟೂ ಇಲ್ಲ.

ನಿಮ್ಮ ವಿವರಣೆಯಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಒಂದರ ಮೇಲೊಂದು ಕೂತಿವೆ. ಮೊದಲನೆಯದು ವಿಂಡೋಸ್‌ನದಲ್ಲ, ಮಹಡಿಯ ರೂಟರಿನದು. ಎರಡೂ ಕಂಪ್ಯೂಟರುಗಳಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್ಫಿಗ್’ (ipconfig) ಆದೇಶ ಕೊಟ್ಟು, ‘ಐಪಿವಿ4’ ಎಂಬ ಸಾಲಿನ ವಿಳಾಸವನ್ನು ಬರೆದುಕೊಳ್ಳಿ. ಕೆಳಗಿನದು 192.168.1 ಎಂದೂ ಮೇಲಿನದು 192.168.0 ಎಂದೂ ಆರಂಭವಾಗುತ್ತಿದ್ದರೆ, ಒಂದೇ ಮನೆಯೊಳಗೆ ಎರಡು ಜಾಲಗಳು ಇವೆ ಎಂದರ್ಥ. ಮೇಲಿನ ರೂಟರ್ ತನ್ನ ಹಿಂದಿರುವ ಸಾಧನಗಳನ್ನೆಲ್ಲ ಮರೆಮಾಡುವುದರಿಂದ, ಪಟ್ಟಿಯಲ್ಲಿ ಹೆಸರು ಕಾಣಿಸಲು ಬೇಕಾದ ಕೂಗು ಆ ಗಡಿಯನ್ನು ದಾಟುವುದಿಲ್ಲ. ಇಂತಹ ಮನೆಗಳಲ್ಲಿ ಒಂದು ವಿಚಿತ್ರವಿದೆ: ಮೇಲಿನಿಂದ ಕೆಳಗಿನ ಕಂಪ್ಯೂಟರಿಗೆ ಅಂಕಿಯ ವಿಳಾಸ ಕೊಟ್ಟರೆ ಸಾಮಾನ್ಯವಾಗಿ ದಾರಿ ಸಿಗುತ್ತದೆ, ಕೆಳಗಿನಿಂದ ಮೇಲಕ್ಕೆ ಮಾತ್ರ ಸಿಗುವುದಿಲ್ಲ. ಆದ್ದರಿಂದ ಮಹಡಿಯಲ್ಲಿ ಕುಳಿತು, ಫೈಲ್ ಎಕ್ಸ್‌ಪ್ಲೋರರಿನ ವಿಳಾಸಪಟ್ಟಿಯಲ್ಲಿ \\ ಹಾಕಿ ಅದರ ಮುಂದೆಯೇ ಕೆಳಗಿನ ಕಂಪ್ಯೂಟರಿನ ಅಂಕಿಯ ವಿಳಾಸವನ್ನು ಬರೆದು ನೋಡಿ. ಆಗ ಪಾಸ್‌ವರ್ಡ್ ಕೇಳುವ ಪೆಟ್ಟಿಗೆ ಬಂದರೆ ನನ್ನ ಊಹೆ ಸರಿ.

ಪರಿಹಾರವೆಂದರೆ ಮೇಲಿನ ರೂಟರನ್ನು, ಬೇರೆ ಜಾಲ ಕಟ್ಟದೆ ಕೆಳಗಿನ ಜಾಲವನ್ನೇ ಮೇಲೆ ಹರಡುವ ‘ಆಕ್ಸೆಸ್ ಪಾಯಿಂಟ್’ ವಿಧಾನಕ್ಕೆ ಬದಲಿಸುವುದು. ಆ ಆಯ್ಕೆ ಅದರಲ್ಲಿ ಇಲ್ಲದಿದ್ದರೆ, ಅದರ ಸ್ವಂತ ವಿಳಾಸವನ್ನು ಕೆಳಗಿನ ಜಾಲಕ್ಕೆ ಹೊಂದುವಂತೆ, ಬೇರಾವ ಸಾಧನಕ್ಕೂ ಸಿಗದ ಒಂದು ಅಂಕಿಗೆ ಬದಲಿಸಿ, ಸಾಧನಗಳಿಗೆ ತಾನಾಗಿ ವಿಳಾಸ ಹಂಚುವ ಡಿಎಚ್‌ಸಿಪಿಯನ್ನು ಅದರಲ್ಲಿ ನಿಲ್ಲಿಸಿ, ಕೆಳಗಿನಿಂದ ಬಂದ ಕೇಬಲನ್ನು ವ್ಯಾನ್ (ಹೊರಜಾಲದ) ತೂತಿನಿಂದ ಕಿತ್ತು ಲ್ಯಾನ್ (ಒಳಜಾಲದ) ತೂತಿಗೆ ಚುಚ್ಚಿ. ಆನಂತರ ಎರಡೂ ಕಂಪ್ಯೂಟರುಗಳಲ್ಲಿ ನೆಟ್‌ವರ್ಕ್ ಪ್ರೊಫೈಲ್ ‘ಪ್ರೈವೇಟ್’ ಆಗಿದೆಯೇ ಎಂದು ನೋಡಿ. ‘ಪಬ್ಲಿಕ್’ ಎಂದಿದ್ದರೆ ಹಂಚಿಕೆಯ ಬಾಗಿಲನ್ನು ಫೈರ್‌ವಾಲ್ ತಾನಾಗಿಯೇ ಮುಚ್ಚಿಡುತ್ತದೆ. ಅದನ್ನು ಪೂರ್ತಿ ಆಫ್ ಮಾಡುವ ಸಲಹೆ ಹುಟ್ಟುವುದೇ ಈ ಒಂದು ಆಯ್ಕೆಯನ್ನು ಗಮನಿಸದೆ ಹೋದಾಗ.

ಚಿಂತಾಮಣಿ ಓದುಗ

ಮೇಷ್ಟ್ರು ಹೇಳಿದ್ದು ಸರಿಯಾಗಿದೆ. ಎರಡನೆಯ ತೊಂದರೆಯಾದ ಪಾಸ್‌ವರ್ಡಿನ ವಿಷಯವನ್ನು ನಾನು ಸೇರಿಸುತ್ತೇನೆ. ಪಿನ್ ಎಂಬುದು ಆಯಾ ಯಂತ್ರದ ಮುಂದೆ ಕುಳಿತವರಿಗೆ ಮಾತ್ರ. ಜಾಲದ ಮೂಲಕ ಬರುವವರಿಗೆ ಅದು ನಡೆಯುವುದಿಲ್ಲ. ಪಾಸ್‌ವರ್ಡ್ ಇಲ್ಲದ ಖಾತೆಯನ್ನೂ ವಿಂಡೋಸ್ ಜಾಲದ ಮೂಲಕ ಒಳಗೆ ಬಿಡುವುದಿಲ್ಲ. ತಂದೆಯವರಿಗೆ ಪ್ರತಿದಿನ ಪಾಸ್‌ವರ್ಡ್ ಒತ್ತುವ ತೊಂದರೆ ಕೊಡುವ ಬದಲು, ಅವರ ಕಂಪ್ಯೂಟರಿನಲ್ಲಿ ಹಂಚಿಕೆಗೆಂದೇ ಇನ್ನೊಂದು ಸ್ಥಳೀಯ ಖಾತೆಯನ್ನು ತೆರೆದು, ಅದಕ್ಕೆ ಗಟ್ಟಿಯಾದ ಪಾಸ್‌ವರ್ಡ್ ಇಡಿ. ಲ್ಯಾಪ್‌ಟಾಪಿನಲ್ಲಿ ಹೆಸರು ಕೇಳಿದಾಗ, ಮೊದಲು ಆ ಕಂಪ್ಯೂಟರಿನ ಹೆಸರು, ನಂತರ ಒಂದು \ ಗೆರೆ, ನಂತರ ಆ ಹೊಸ ಖಾತೆಯ ಹೆಸರು ಬರೆಯಿರಿ. ಹಿಂದೆ ತಪ್ಪಾಗಿ ಉಳಿಸಿದ ವಿವರಗಳಿದ್ದರೆ ವಿಂಡೋಸ್ ಪಾಸ್‌ವರ್ಡುಗಳನ್ನು ಉಳಿಸಿಡುವ ‘ಕ್ರೆಡೆನ್ಷಿಯಲ್ ಮ್ಯಾನೇಜರ್’ನಲ್ಲಿ ಅವನ್ನು ಅಳಿಸಿಬಿಡಿ, ಇಲ್ಲವಾದರೆ ವಿಂಡೋಸ್ ಅವನ್ನೇ ಮತ್ತೆ ಮತ್ತೆ ಕಳುಹಿಸುತ್ತಿರುತ್ತದೆ.

ಫೋಲ್ಡರಿನ ಅನುಮತಿಗಳು ‘ಶೇರಿಂಗ್’ ಮತ್ತು ‘ಸೆಕ್ಯುರಿಟಿ’ ಎಂಬ ಎರಡು ಕಡೆ ಇರುತ್ತವೆ, ಮತ್ತು ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಕಡತ ತೆರೆಯುತ್ತದೆ, ಆದರೆ ಸೇವ್ ಆಗುವುದಿಲ್ಲ ಎಂದಾದರೆ ಅಲ್ಲಿ ನೋಡಿ. ತಂದೆಯವರು ಅದೇ ಎಕ್ಸೆಲ್ ಕಡತವನ್ನು ತೆರೆದಿಟ್ಟುಕೊಂಡಿರುವಾಗ ನಿಮಗೆ ಓದಲು ಮಾತ್ರ ಸಿಗುವುದು ದೋಷವಲ್ಲ; ಲೆಕ್ಕ ಕಲಸಿಹೋಗದಂತೆ ಎಕ್ಸೆಲ್ ಹಾಗೆ ಮಾಡುತ್ತದೆ.

ಬಟವಾಡಿ ನಿವಾಸಿ

ಇಬ್ಬರಿಗೂ ಧನ್ಯವಾದಗಳು. ವಿಳಾಸಗಳು ಮೇಷ್ಟ್ರು ಊಹಿಸಿದಂತೆಯೇ ಬೇರೆ ಬೇರೆಯಾಗಿದ್ದವು. ರೂಟರನ್ನು ಆಕ್ಸೆಸ್ ಪಾಯಿಂಟ್ ಮಾಡಿ, ಹೊಸ ಖಾತೆ ತೆರೆದ ಮೇಲೆ ಲೆಕ್ಕದ ಫೋಲ್ಡರ್ ಮಹಡಿಯಿಂದಲೇ ತೆರೆದು, ಸೇವ್ ಕೂಡ ಆಗುತ್ತಿದೆ. ಆದರೆ ಹಂಚಿಕೊಂಡ ಪ್ರಿಂಟರನ್ನು ಸೇರಿಸಲು ಹೋದರೆ 11ಬಿ ಎಂದು ಕೊನೆಯಾಗುವ ದೋಷಸಂಖ್ಯೆ ಬರುತ್ತದೆ. ವಿಂಡೋಸ್ ತನ್ನ ಒಳ ಸೆಟ್ಟಿಂಗುಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಒಂದು ಮೌಲ್ಯವನ್ನು ಸೊನ್ನೆ ಮಾಡಿ ಎಂದು ಹಲವು ವೀಡಿಯೊಗಳು ಹೇಳುತ್ತಿವೆ. ತಂದೆಯವರ ಕಂಪ್ಯೂಟರ್ ಅಪ್‌ಡೇಟ್ ಆಗಿ ಬಹಳ ಕಾಲವಾಗಿದೆ.

ಕೋಲಾರದ ಲ್ಯಾಬ್ ಮೇಷ್ಟ್ರು

ನಿಮ್ಮ ಕೊನೆಯ ವಾಕ್ಯದಲ್ಲೇ ಉತ್ತರವಿದೆ. ಮುದ್ರಣ ಸೇವೆಯ ಭದ್ರತಾ ಲೋಪವೊಂದನ್ನು ಮುಚ್ಚಲು ಮೈಕ್ರೋಸಾಫ್ಟ್ 2021ರಲ್ಲಿ ಬಿಗಿ ನಿಯಮ ತಂದಿತು; ಆ ವರ್ಷದ ಸೆಪ್ಟೆಂಬರ್ ಅಪ್‌ಡೇಟಿನಿಂದ ಅದು ಕಡ್ಡಾಯವಾಯಿತು. ಒಂದು ಯಂತ್ರ ಆ ನಿಯಮವನ್ನು ಪಾಲಿಸುತ್ತಾ ಇನ್ನೊಂದು ಹಳೆಯದಾಗಿಯೇ ಉಳಿದರೆ ಈ ದೋಷ ಬರುತ್ತದೆ. ರಿಜಿಸ್ಟ್ರಿಯ ಆ ಮೌಲ್ಯವನ್ನು ಸೊನ್ನೆ ಮಾಡಿದರೆ ಪ್ರಿಂಟ್ ಬರುವುದು ನಿಜ, ಆದರೆ ಮುಚ್ಚಿದ ಲೋಪವನ್ನು ಮತ್ತೆ ತೆರೆದಂತಾಗುತ್ತದೆ. ಮೊದಲು ತಂದೆಯವರ ಕಂಪ್ಯೂಟರಿಗೆ ಬಾಕಿಯಿರುವ ಅಪ್‌ಡೇಟುಗಳನ್ನೆಲ್ಲ ಹಾಕಿಸಿ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಲೆಕ್ಕಪತ್ರವಿರುವ ಯಂತ್ರವನ್ನು 11ಕ್ಕೆ ಏರಿಸುವ ಯೋಚನೆಯನ್ನೂ ಮಾಡುವುದು ಒಳ್ಳೆಯದು.

ಅಷ್ಟಾದರೂ ಸೇರದಿದ್ದರೆ ಇನ್ನೊಂದು ದಾರಿ ಇದೆ. ಲ್ಯಾಪ್‌ಟಾಪಿನಲ್ಲಿ ಆ ಪ್ರಿಂಟರಿನ ಡ್ರೈವರನ್ನು (ಅದನ್ನು ನಡೆಸುವ ತಂತ್ರಾಂಶವನ್ನು) ಮೊದಲೇ ಸ್ಥಾಪಿಸಿಕೊಳ್ಳಿ. ಬಳಿಕ ಅದನ್ನು ಸ್ಥಳೀಯ ಪ್ರಿಂಟರ್ ಎಂದೇ ಕೈಯಾರೆ ಸೇರಿಸುತ್ತಾ, ಹೊಸ ಪೋರ್ಟ್ (ಪ್ರಿಂಟರಿಗೆ ಹೋಗುವ ದಾರಿ) ಸೃಷ್ಟಿಸುವ ಹಂತದಲ್ಲಿ ‘ಲೋಕಲ್ ಪೋರ್ಟ್’ ಆರಿಸಿ, ಅದರ ಹೆಸರಿನ ಜಾಗದಲ್ಲಿ \\ ಹಾಕಿ ಕೆಳಗಿನ ಕಂಪ್ಯೂಟರಿನ ಹೆಸರು, ನಂತರ \ ಹಾಕಿ ಪ್ರಿಂಟರಿಗೆ ಹಂಚಿಕೆಯಲ್ಲಿ ಕೊಟ್ಟ ಹೆಸರು ಬರೆಯಿರಿ. ಆ ಹೆಸರು ಚಿಕ್ಕದಾಗಿ, ನಡುವೆ ಜಾಗವಿಲ್ಲದೆ, ಇಂಗ್ಲಿಷ್ ಅಕ್ಷರಗಳಲ್ಲೇ ಇರಲಿ.

ಇಲ್ಲಿ ಅಂಕಿಯ ವಿಳಾಸವನ್ನು ಬಳಸಬೇಡಿ. ಕರೆಂಟ್ ಹೋಗಿ ಬಂದಾಗ ರೂಟರ್ ಬೇರೆ ವಿಳಾಸ ಹಂಚಿದರೆ ಪ್ರಿಂಟ್ ನಿಂತುಹೋಗುತ್ತದೆ. ಅಂಕಿಯೇ ಬೇಕೆಂದಾದರೆ, ಕೆಳಗಿನ ಪೆಟ್ಟಿಗೆಯ ಡಿಎಚ್‌ಸಿಪಿ ಪುಟದಲ್ಲಿ ತಂದೆಯವರ ಕಂಪ್ಯೂಟರಿಗೆ ಒಂದು ವಿಳಾಸವನ್ನು ಕಾಯ್ದಿರಿಸಿ. ಆ ಕಂಪ್ಯೂಟರ್ ತಾನಾಗಿ ‘ಸ್ಲೀಪ್’ಗೆ ಹೋಗದಂತೆಯೂ ಪವರ್ ಸೆಟ್ಟಿಂಗಿನಲ್ಲಿ ಬದಲಿಸಿ, ಅದು ಮಲಗಿದ್ದರೆ ಮಹಡಿಯಿಂದ ಕಳುಹಿಸಿದ ಪುಟ ಸರದಿಯಲ್ಲೇ ಕೂತಿರುತ್ತದೆ.