ಮೇ ತಿಂಗಳಲ್ಲಿ ಕುಕ್ಕರಹಳ್ಳಿ ಕೆರೆಗೆ ಹೊಸಬರನ್ನು ಹಕ್ಕಿ ನೋಡಲು ಕರೆದೊಯ್ಯಬಹುದೇ?

ಹೊಸಗಣ್ಣು:
ನಮ್ಮ ಬಡಾವಣೆಯ 15 ಜನ, ಅವರಲ್ಲಿ 4 ಮಕ್ಕಳು. ಯಾರಿಗೂ ಹಕ್ಕಿ ನೋಡಿ ಅಭ್ಯಾಸವಿಲ್ಲ. ಮೇ ತಿಂಗಳ ಒಂದು ಭಾನುವಾರ ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ಹೋಗೋಣ ಅಂತಿದ್ದೇವೆ. ವಲಸೆ ಹಕ್ಕಿಗಳು ವಾಪಸು ಹೋದ ಮೇಲೆ ನೋಡಲು ಏನಾದರೂ ಉಳಿದಿರುತ್ತದಾ? ಡಿಸೆಂಬರ್‌ಗೆ ಮುಂದೂಡಲಾ? ದುರ್ಬೀನು ಎಷ್ಟು ಬೇಕು, ಎಂಥದ್ದು?

ಕೆರೆಏರಿ:
ಮುಂದೂಡಬೇಡಿ, ಸಾಧ್ಯವಾದರೆ ಏಪ್ರಿಲ್‌ಗೇ ಎಳೆದುಕೊಳ್ಳಿ. ಚಳಿಗಾಲದಲ್ಲಿ ಬಗೆ ಜಾಸ್ತಿ ನಿಜ, ಆದರೆ ಬಾತುಗಳು ದೂರದ ನೀರಲ್ಲಿ ಚುಕ್ಕೆಯಂತೆ ಕಾಣುತ್ತವೆ, ಎಲೆ ಮರೆಯ ಪುಟ್ಟ ಉಲಿಯಕ್ಕಿಗಳು ಪಳಗಿದವರನ್ನೂ ಸತಾಯಿಸುತ್ತವೆ. ಬೇಸಿಗೆಯಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ ಗೂಡಿಗೆ ಮತ್ತೆ ಮತ್ತೆ ಮರಳುತ್ತವೆ. ಒಂದೇ ಕಡೆ ಹತ್ತು ನಿಮಿಷ ನಿಂತರೂ ಹಕ್ಕಿ ಅಲ್ಲೇ ಇರುತ್ತದೆ. ಕಲಿಯುವವರಿಗೆ ಬೇಕಾದದ್ದು ಅದೇ. ಬಿಸಿಲೇರಿದಾಗ ತಾಯಿ ಕೊಕ್ಕರೆ ಬೆನ್ನನ್ನು ಸೂರ್ಯನಿಗೆ ಕೊಟ್ಟು, ರೆಕ್ಕೆ ಅರೆಬಿಚ್ಚಿ ಮರಿಗಳಿಗೆ ನೆರಳು ಮಾಡುವುದನ್ನೂ, ಹೆಜ್ಜಾರ್ಲೆ ಗಂಟಲ ಚೀಲ ಅಲುಗಾಡಿಸಿ ಮೈ ತಂಪು ಮಾಡಿಕೊಳ್ಳುವುದನ್ನೂ ಮಕ್ಕಳಿಗೆ ತೋರಿಸಿ.

ಒಂದು ತೊಡಕಿದೆ. ಕೊಳದ ಬಕಕ್ಕೆ ಈಗ ಬೆನ್ನು ಕಡುಗೆಂಪು. ಗೋವಕ್ಕಿಯ (ದನಗಳ ಜೊತೆ ಕಾಣುವ ಬೆಳ್ಳಕ್ಕಿ) ತಲೆ, ಕುತ್ತಿಗೆಗೆ ಕಿತ್ತಳೆ ಬಣ್ಣ. ಪುಸ್ತಕದಲ್ಲಿ ಚಳಿಗಾಲದ ಚಿತ್ರ ನೋಡಿ ಬಂದವರು ಬೇರೆ ಹಕ್ಕಿ ಅಂದುಕೊಳ್ಳುತ್ತಾರೆ. ಮೊದಲೇ ಹೇಳಿಬಿಡಿ.

ಬೆಳಿಗ್ಗೆ 6:15ಕ್ಕೆ ಶುರುಮಾಡಿ, 8:30ಕ್ಕೆ ಮುಗಿಸಿ. ಆಮೇಲೆ ಹಕ್ಕಿಗಳೂ ನೆರಳು ಹಿಡಿಯುತ್ತವೆ, ಮಕ್ಕಳೂ ಸುಸ್ತಾಗುತ್ತಾರೆ. ಸೂರ್ಯ ಬೆನ್ನ ಹಿಂದೆ ಇರುವ ಹಾಗೆ ನಿಲ್ಲಿ. ಎದುರು ಬಿಸಿಲಲ್ಲಿ ಎಲ್ಲವೂ ಕಪ್ಪು ಹಕ್ಕಿಯೇ.

ಮಸೂರ42:
ದುರ್ಬೀನಿಗೆ 8x42 ಸಾಕು, ಅಂದರೆ 8 ಪಟ್ಟು ಹಿಗ್ಗಿಸುವ, ಮುಂದಿನ ಮಸೂರ 42 ಮಿ.ಮೀ. ಅಗಲದ್ದು. 10x ಕೊಂಡರೆ ಕೈ ನಡುಕವೂ ಹಿಗ್ಗಿ ಕಾಣುತ್ತದೆ, ನೋಟದ ಹರವೂ ಸಾಮಾನ್ಯವಾಗಿ ಕಿರಿದು, ಹೊಸಬರಿಗೆ ಹಕ್ಕಿಯೇ ಸಿಗುವುದಿಲ್ಲ. ಮೂವರಿಗೊಂದಿದ್ದರೂ ನಡೆಯುತ್ತದೆ, ಆದರೆ ಕೈ ಬದಲಾದಾಗಲೆಲ್ಲ ಹೊಂದಿಸಲೇಬೇಕು. "ಮಂಜುಮಂಜು" ಅನ್ನುವ ದೂರಿಗೆ ಬಹಳ ಸಲ ಕಾರಣ ಇದೇ.

ಮೊದಲು ಎರಡು ಕೊಳವೆಗಳನ್ನು ಹತ್ತಿರ-ದೂರ ಮಾಡಿ ಒಂದೇ ವೃತ್ತ ಕಾಣಿಸಿಕೊಳ್ಳಿ. ಬಲಗಣ್ಣು ಮುಚ್ಚಿ, ದೂರದ ಬೋರ್ಡಿನ ಅಕ್ಷರಕ್ಕೆ ನಡುವಿನ ಚಕ್ರ ತಿರುಗಿಸಿ. ಈಗ ಎಡಗಣ್ಣು ಮುಚ್ಚಿ, ಚಕ್ರ ಮುಟ್ಟದೆ, ಬಲಗಣ್ಣಿನ ಬಳಿಯ ಉಂಗುರ ಮಾತ್ರ ತಿರುಗಿಸಿ ಅದೇ ಅಕ್ಷರ ಸ್ಪಷ್ಟ ಮಾಡಿ. ಅಲ್ಲಿಂದ ಮುಂದೆ ಚಕ್ರ ಒಂದೇ ಸಾಕು. ಕನ್ನಡಕದವರು ಕಣ್ಬಟ್ಟಲನ್ನು (ಕಣ್ಣಿಡುವ ತುದಿಯ ಬಳೆ) ಒಳಗೆ ತಿರುಗಿಸಿಡಲಿ. ಹಕ್ಕಿ ಕಂಡ ತಕ್ಷಣ ದುರ್ಬೀನಿನ ಕಡೆ ನೋಡಬಾರದು. ಕಣ್ಣು ಹಕ್ಕಿಯ ಮೇಲೇ ಇರಲಿ, ದುರ್ಬೀನು ಕಣ್ಣಿಗೆ ಬರಲಿ.

ಹೊಸಗಣ್ಣು:
ಕೂಗು ಗುರುತಿಸಲು ಮರ್ಲಿನ್ ಆಪ್ ಬಳಸಬಹುದಾ? ಕೂಗು ಹಾಕಿ ಹಕ್ಕಿಯನ್ನು ಹತ್ತಿರ ಕರೆಯುವುದು?

ಟಿಟ್ಟಿಭ:
ಆಪ್ ಬಳಸಿ, ಭಾರತದ ಹಕ್ಕಿಗಳ ಪ್ಯಾಕ್ ಮನೆಯಲ್ಲೇ ಇಳಿಸಿಕೊಳ್ಳಿ. ಅದು ತೋರಿಸಿದ ಹೆಸರನ್ನು ಕಣ್ಣಾರೆ ನೋಡಿಯೋ, ಕೂಗು ಚೆನ್ನಾಗಿ ಬಲ್ಲವರನ್ನು ಕೇಳಿಯೋ ಪಟ್ಟಿಗೆ ಸೇರಿಸಿ. ಮೊದಲ ದಿನ ಮೂರು ಕೂಗು ಸಾಕು: ಕುಟ್ರು ಹಕ್ಕಿಯ "ಕುಟ್ರೂ ಕುಟ್ರೂ", ಕಂಚುಗಾರ ಹಕ್ಕಿಯ ಒಂದೇ ಲಯದ "ಟಂಕ್ ಟಂಕ್", ಗಂಡು ಕೋಗಿಲೆಯ ಏರುತ್ತ ಹೋಗುವ "ಕುಹೂ". ಹೆಣ್ಣು ಕೋಗಿಲೆ ಕಂದು ಮೈಯ ಚುಕ್ಕಿ ಹಕ್ಕಿ, ಅದರ ಕೂಗು "ಕಿಕ್-ಕಿಕ್-ಕಿಕ್".

ಧ್ವನಿ ಹಾಕಿ ಕರೆಯುವುದು ಮಾತ್ರ ಬೇಡವೇ ಬೇಡ. ಗೂಡು ಕಟ್ಟುವ ಕಾಲ ಇದು. ಮತ್ತೊಂದು ಗಂಡು ಬಂತೆಂದು ಹಕ್ಕಿ ಗೂಡು ಬಿಟ್ಟು ಜಗಳಕ್ಕೆ ಬರುತ್ತದೆ; ಆ ಹೊತ್ತಲ್ಲಿ ಮೊಟ್ಟೆ ಬಿಸಿಲಿಗೆ ಬೇಯಬಹುದು, ಕಾಗೆ ಎತ್ತಿಕೊಂಡೂ ಹೋಗಬಹುದು. ಟಿಟ್ಟಿಭ ಹಕ್ಕಿ ಬರಿ ನೆಲದಲ್ಲೇ ಮೊಟ್ಟೆಯಿಡುತ್ತದೆ, ಸುಡುಬಿಸಿಲಲ್ಲಿ ಹೊಟ್ಟೆಯ ಗರಿ ನೀರಲ್ಲಿ ನೆನೆಸಿಕೊಂಡು ಬಂದು ಮೊಟ್ಟೆ ತಂಪು ಮಾಡುತ್ತದೆ. ಅದು ತಲೆ ಮೇಲೆ ಸುತ್ತಿ ಕಿರುಚಿದರೆ ನೀವು ಗೂಡಿಗೆ ಹತ್ತಿರ ಬಂದಿದ್ದೀರಿ. ಕಾಲಡಿ ನೋಡಿಕೊಂಡು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ. ಗೂಡಿನ ಫೋಟೋ, ಜಾಗ ಗ್ರೂಪಿಗೆ ಹಾಕಬೇಡಿ.

15 ಜನ ಒಟ್ಟಿಗೆ ಬೇಡ, ಎರಡು ಗುಂಪು ಮಾಡಿ ಎದುರು ದಿಕ್ಕಿನಿಂದ ಹೊರಡಿಸಿ. ಒಬ್ಬೊಬ್ಬರಿಗೂ ಒಂದು ಲೀಟರ್ ನೀರು, ಟೋಪಿ. ಬಿಳಿ ಅಂಗಿ ಬದಲು ಮಣ್ಣಿನ ಬಣ್ಣದ್ದು.