ಟೈಲರ್, ಫ್ರೇಜರ್ ಸಿದ್ಧಾಂತಕ್ಕೆ ಡಾರ್ವಿನ್ ಎಷ್ಟು ಕಾರಣ?

ಕಡಲತಡಿ, ಉಡುಪಿ: ಧರ್ಮ ಹೇಗೆ ಹುಟ್ಟಿ ಬೆಳೆಯಿತು ಎಂದು ಹಂತಗಳಲ್ಲಿ ವಿವರಿಸಿದ ಮಾನವಶಾಸ್ತ್ರಜ್ಞರು ಟೈಲರ್, ಫ್ರೇಜರ್ ಬಗ್ಗೆ ಎಂ.ಎ. ಸೆಮಿನಾರಿಗೆ ಬರೆಯುತ್ತಿದ್ದೇನೆ. 1859ರಲ್ಲಿ ಜೀವವಿಕಾಸದ ಬಗ್ಗೆ ಡಾರ್ವಿನ್ ಪುಸ್ತಕ, 1871ರಲ್ಲಿ ಟೈಲರ್‌ನ ‘ಪ್ರಿಮಿಟಿವ್ ಕಲ್ಚರ್’. ಮೊದಲನೆಯದರಿಂದಲೇ ಎರಡನೆಯದು ಬಂತು ಅಂತ ಬರೆಯಬಹುದಾ? ನಮ್ಮ ತುಳುನಾಡಿನ ಭೂತಾರಾಧನೆಯನ್ನು (ದೈವಗಳ ಪೂಜೆ) ಉದಾಹರಣೆ ಕೊಡುವ ಆಲೋಚನೆಯೂ ಉಂಟು.

ಹಳೆಕಡತ: ಅಷ್ಟು ನೇರ ಬರೆಯಬೇಡಿ, ಮೊದಲ ಪ್ರಶ್ನೆಗೇ ಸಿಕ್ಕಿಬೀಳ್ತೀರಿ. ತನ್ನ ಪುಸ್ತಕದಲ್ಲಿ ಡಾರ್ವಿನ್ ಮತ್ತು ವಿಕಾಸವಾದಿ ತತ್ತ್ವಜ್ಞಾನಿ ಸ್ಪೆನ್ಸರ್ ಪ್ರಸ್ತಾಪ ಯಾಕೆ ಕಡಿಮೆ ಅಂತ ಟೈಲರನೇ 1873ರ ಎರಡನೇ ಆವೃತ್ತಿಯ ಮುನ್ನುಡಿಯಲ್ಲಿ ಹೇಳಿದ್ದಾನೆ: ತನ್ನ ಕೆಲಸ ಬೇರೆ ದಾರಿಯದು. ಡಾರ್ವಿನ್‌ನದು ಕವಲೊಡೆಯುವ ಮರ, ನೈಸರ್ಗಿಕ ಆಯ್ಕೆಗೆ ಗುರಿ ಎಂಬುದಿಲ್ಲ. ಟೈಲರ್, ಫ್ರೇಜರ್ ಕಟ್ಟಿದ್ದು ಒಂದೊಂದೇ ಮೆಟ್ಟಿಲು ಮೇಲೇರುವ ಏಣಿ. ಟೈಲರ್‌ನಲ್ಲಿ ಆತ್ಮಗಳ ನಂಬಿಕೆಯಿಂದ ಬಹುದೇವತೆ, ಅಲ್ಲಿಂದ ಏಕದೇವ. ಫ್ರೇಜರ್‌ನಲ್ಲಿ (‘ದಿ ಗೋಲ್ಡನ್ ಬೋ’, ಮೊದಲ ಆವೃತ್ತಿ 1890) ಮಾಟ, ಧರ್ಮ, ವಿಜ್ಞಾನ. ಇಂಥ ಏಣಿ ಫ್ರೆಂಚ್ ಚಿಂತಕ ಕಾಮ್ಟ್‌ನ ಮೂರು ಹಂತಗಳಲ್ಲಿ ಡಾರ್ವಿನ್‌ಗಿಂತ ಮೊದಲೇ ಇತ್ತು.

ನಿಜವಾಗಿ ಹೊಸತಾಗಿ ಸಿಕ್ಕಿದ್ದು ಕಾಲಾವಧಿ. 1858ರಲ್ಲಿ ಇಂಗ್ಲೆಂಡಿನ ಬ್ರಿಕ್ಸಮ್ ಗುಹೆಯಲ್ಲಿ ಅಳಿದುಹೋದ ಪ್ರಾಣಿಗಳ ಎಲುಬಿನ ಜೊತೆ ಕಲ್ಲಿನ ಆಯುಧ ಸಿಕ್ಕಿದವು. ಮನುಷ್ಯನ ಚರಿತ್ರೆ ಬೈಬಲಿನ ಸುಮಾರು 6,000 ವರ್ಷಗಳೊಳಗೆ ಹಿಡಿಸದಾಯಿತು. ಆ ಖಾಲಿ ಕಾಲವನ್ನು ತುಂಬಲಿಕ್ಕೆ ಏಣಿ ಬೇಕಾಯಿತು.

ಗಗ್ಗರ, ಮಂಗಳೂರು: ಏಣಿ ಕಟ್ಟುವ ವಿಧಾನವನ್ನೂ ಬರೆಯಿರಿ, ತಪ್ಪು ಅಲ್ಲೇ ಇರುವುದು. ಮಿಷನರಿ ವರದಿಯಿಂದ ಇವತ್ತಿನ ಒಂದು ಆಚರಣೆ ಎತ್ತಿಕೊಳ್ಳುವುದು, ಅದನ್ನು ಮನುಕುಲದ ಬಾಲ್ಯ ಎನ್ನುವುದು, ಸರಳವಾಗಿ ಕಂಡದ್ದನ್ನು ಕೆಳಗೆ ಇಡುವುದು. ನಾಗರಿಕರಲ್ಲೂ ಅಂಥದ್ದು ಕಂಡರೆ ‘ಅವಶೇಷ’ ಎಂದು ಪಕ್ಕಕ್ಕಿಡುವುದು. ಸೀನಿದವರಿಗೆ ಹರಸುವುದು ಟೈಲರ್ ಕೊಟ್ಟ ಉದಾಹರಣೆ. ತಾರೀಕು ಎಲ್ಲಿಯೂ ಇಲ್ಲ, ಮಾರಾಯ್ರೆ! ಸರಳವಾದದ್ದು ಹಳೆಯದು, ಹಳೆಯದಾದ್ದರಿಂದ ಸರಳ.

ಭೂತಾರಾಧನೆ ಈ ಏಣಿಯಲ್ಲಿ ಕೂರುವುದಿಲ್ಲ, ಆದ್ದರಿಂದಲೇ ಒಳ್ಳೆಯ ಉದಾಹರಣೆ. ಪಿತೃಪೂಜೆಯೇ ಮೂಲ ಎಂದ ಸ್ಪೆನ್ಸರ್‌ಗೆ ಸತ್ತ ಮೇಲೆ ದೈವವಾದ ಅವಳಿ ವೀರರು ಕೋಟಿ-ಚೆನ್ನಯರು ಸಾಕ್ಷಿ, ಪ್ರಾಣಿಪೂಜೆ ಎನ್ನುವವರಿಗೆ ಹಂದಿಮೊಗದ ದೈವ ಪಂಜುರ್ಲಿ. ಗರಡಿಯಲ್ಲಿ (ಕೋಟಿ-ಚೆನ್ನಯರ ಗುಡಿ) ಬೆರ್ಮೆರ್ ಎಂಬ ದೈವವೂ ಬೈದೆರುಗಳೂ (ಕೋಟಿ-ಚೆನ್ನಯರೇ) ಒಟ್ಟಿಗೇ ಇದ್ದಾರೆ; ಯಾರು ಮೊದಲ ಮೆಟ್ಟಿಲು? ಬ್ರಿಟಿಷ್ ಅಧಿಕಾರಿ ಬರ್ನೆಲ್ ಮಾಡಿದ ಪಾಡ್ದನಗಳ (ದೈವದ ಕಥೆ ಹೇಳುವ ತುಳು ಹಾಡು) ಸಂಗ್ರಹ 1894ರಿಂದ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ‘ಡೆವಿಲ್ ವರ್ಶಿಪ್’ ಎಂಬ ತಲೆಬರಹದಲ್ಲೇ ಅಚ್ಚಾಯಿತು. ಪಾಡ್ದನದೊಳಗಿನ ಗುತ್ತು (ಊರಿನ ಯಜಮಾನಿಕೆಯ ಮನೆತನ), ಗಡಿ, ಜಗಳ, ದೈವ ಊರಿಂದೂರಿಗೆ ಹೋದ ದಾರಿ, ಇದೆಲ್ಲ ಚರಿತ್ರೆ. ಹಂತ ಹುಡುಕುವವನಿಗೆ ಅದು ಬೇಡ.

ಕಡಲತಡಿ: ಹಾಗಾದರೆ ಭಾಷಾವಿದ್ವಾಂಸ ಮ್ಯಾಕ್ಸ್ ಮುಲ್ಲರ್?

ಹಳೆಕಡತ: ಅವನನ್ನು ಈ ಗುಂಪಿಗೆ ಸೇರಿಸಬೇಡಿ. ಧರ್ಮದ ವಿಜ್ಞಾನದ ಬಗ್ಗೆ 1870ರಲ್ಲೇ ಲಂಡನ್ನಿನಲ್ಲಿ ಉಪನ್ಯಾಸ ಕೊಟ್ಟವನು, ಆದರೆ ಭಾಷೆಯ ವಿಷಯದಲ್ಲಿ ಡಾರ್ವಿನ್‌ನ ವಿರೋಧಿ. ಏಣಿಯ ಕೆಳಗಿನ ಮೆಟ್ಟಿಲನ್ನು ಅಲ್ಲಾಡಿಸಿದ್ದು ಇನ್ನಿಬ್ಬರು ಬ್ರಿಟಿಷ್ ವಿದ್ವಾಂಸರು: 1898ರಲ್ಲಿ ಲ್ಯಾಂಗ್, ಬುಡಕಟ್ಟುಗಳಲ್ಲೂ ಪರಮದೇವರ ಕಲ್ಪನೆ ಇದೆಯೆಂದು, 1900ರಲ್ಲಿ ಮ್ಯಾರೆಟ್, ಆತ್ಮಗಳ ನಂಬಿಕೆಗೂ ಮೊದಲು ನಿರಾಕಾರ ಶಕ್ತಿಯ ಭಾವ ಇತ್ತೆಂದು. ಮ್ಯಾರೆಟ್ ಏಣಿ ಬಿಡಲಿಲ್ಲ, ಕೆಳಗೆ ಇನ್ನೊಂದು ಮೆಟ್ಟಿಲು ಜೋಡಿಸಿದ ಅಷ್ಟೆ.