ನಾಯಿಕೆಮ್ಮಿನ ಲಸಿಕೆ ಮನೆಯವರೆಲ್ಲ ಹಾಕಿಸಿಕೊಳ್ಳಬೇಕಾ?

ನನಗೀಗ ಏಳನೇ ತಿಂಗಳು. ಹೆರಿಗೆಯ ನಂತರ ಅತ್ತೆ-ಮಾವ ನಮ್ಮ ಜೊತೆಗಿರುತ್ತಾರೆ. ಎಳೆ ಮಗುವಿಗೆ ನಾಯಿಕೆಮ್ಮು ತಗುಲದಂತೆ ದೊಡ್ಡವರೂ ಲಸಿಕೆ ಹಾಕಿಸಿಕೊಳ್ಳಬೇಕಂತೆ. ಮಾವ ಮಾತ್ರ, “ಚಿಕ್ಕವನಿದ್ದಾಗಲೇ ಬಂದು ಹೋಗಿದೆ, ನನಗ್ಯಾಕೆ?” ಅನ್ನುತ್ತಾರೆ. ನೀವೆಲ್ಲ ಏನು ಮಾಡಿದಿರಿ?

ಎರಡು ಮಕ್ಕಳ ತಾಯಿ: ಮಾವನ ವಿಷಯ ಆಮೇಲೆ, ಮೊದಲು ನಿಮ್ಮದು ಮುಗಿಸಿ. ಟಿಡ್ಯಾಪ್ ಅಂತ ಕೇಳಿ, ಧನುರ್ವಾಯು, ಗಂಟಲಮಾರಿ, ನಾಯಿಕೆಮ್ಮು ಮೂರಕ್ಕೂ ಸೇರಿದ ಲಸಿಕೆ ಅದು. 27ರಿಂದ 36ನೇ ವಾರದೊಳಗೆ ಹಾಕಿಸಿಕೊಳ್ಳಲು ನಮ್ಮ ಡಾಕ್ಟರ್ ಹೇಳಿದ್ದರು. ನಿಮ್ಮ ಮೈಯಲ್ಲಿ ಹುಟ್ಟುವ ರೋಗನಿರೋಧಕ ಶಕ್ತಿ ಹೊಟ್ಟೆಯಲ್ಲಿರುವಾಗಲೇ ಮಗುವಿಗೆ ಸೇರುತ್ತದೆ. ಮಗುವಿಗೇ ನಾಯಿಕೆಮ್ಮಿನ ಲಸಿಕೆ ಶುರುವಾಗುವುದು ಆರು ಅಥವಾ ಎಂಟು ವಾರಕ್ಕೆ, ಅಲ್ವಾ? ಅಪಾಯ ಜಾಸ್ತಿ ಇರುವುದು ಆ ಮೊದಲ ತಿಂಗಳುಗಳಲ್ಲೇ. ಎರಡನೇ ಬಸಿರಲ್ಲೂ ನಾನು ಮತ್ತೆ ಹಾಕಿಸಿಕೊಂಡೆ. ಹಳೆಯ ಡೋಸಿನ ಬಲ ಬೇಗ ಇಳಿಯುತ್ತದೆ. ತೋಳು ಸ್ವಲ್ಪ ನೋಯಿತು, ಅಷ್ಟೇ.

ಒಬ್ಬ ತಂದೆ: ನಮ್ಮಪ್ಪನದೂ ಇದೇ ವಾದ! ಒಮ್ಮೆ ಬಂದರೂ ಆ ರಕ್ಷಣೆ ಜೀವನಪೂರ್ತಿ ಇರುವುದಿಲ್ಲ ಅಂತ ಡಾಕ್ಟರೇ ಹೇಳಿದ ಮೇಲೆ ಒಪ್ಪಿದರು. (ನಾನು ಹೇಳಿದ್ದರೆ ಕೇಳುತ್ತಿರಲಿಲ್ಲ ಬಿಡಿ.) ದೊಡ್ಡವರಿಗೆ ಬಂದರೆ ವಾರಗಟ್ಟಲೆ ಬಿಡದ ಕೆಮ್ಮು, ಅಷ್ಟೇ ಇರಬಹುದು. ಅದು ನಾಯಿಕೆಮ್ಮು ಅಂತ ಯಾರಿಗೂ ಹೊಳೆಯುವುದಿಲ್ಲ. ಮಗುವನ್ನು ಎತ್ತಿಕೊಳ್ಳುವ ಕನಿಷ್ಠ ಎರಡು ವಾರ ಮೊದಲೇ ಹಾಕಿಸಿ. ಗಾಯಕ್ಕೆ ಹಾಕಿಸಿದ ಟಿಟಿ ಅಥವಾ ಟಿಡಿ ಲೆಕ್ಕಕ್ಕಿಲ್ಲ, ಅವುಗಳಲ್ಲಿ ನಾಯಿಕೆಮ್ಮಿನ ಅಂಶವೇ ಇಲ್ಲ.

ಮಕ್ಕಳ ವಾರ್ಡಿನ ನರ್ಸ್: ಒಂದು ಮಾತು ಸೇರಿಸುತ್ತೇನೆ. ಎಲ್ಲರೂ ಹಾಕಿಸಿಕೊಂಡಾಯಿತು ಅಂತ ಮೈಮರೆಯಬೇಡಿ. ಲಸಿಕೆ ಆದವರಿಗೂ ಕೆಲವೊಮ್ಮೆ ಸೋಂಕು ತಗುಲಿ, ಅವರಿಂದ ಹರಡಬಹುದು. ಕೆಮ್ಮು-ನೆಗಡಿ ಇದ್ದವರು, ಅಜ್ಜನೇ ಆಗಲಿ, ಮಗುವಿನಿಂದ ದೂರ ಇರಲಿ. ಬೇಜಾರಾದರೆ ಆಗಲಿ. ಎಳೆ ಕೂಸುಗಳು ಕೆಲವೊಮ್ಮೆ ಕೆಮ್ಮುವುದೇ ಇಲ್ಲ, ಸುಮ್ನೆ ಉಸಿರು ನಿಲ್ಲಿಸಿಬಿಡುತ್ತವೆ. ತುಟಿ ನೀಲಿಯಾದರೆ, ಉಸಿರಾಟ ತಡೆದು ತಡೆದು ಬಂದರೆ ತಕ್ಷಣ ಆಸ್ಪತ್ರೆಗೆ ಓಡಿ. ಮನೆಯಲ್ಲಿ ಒಬ್ಬರಿಗೆ ನಾಯಿಕೆಮ್ಮು ಅಂತ ಗೊತ್ತಾದರೆ ಉಳಿದವರಿಗೂ ಆಂಟಿಬಯಾಟಿಕ್ ಬೇಕಾ ಅಂತ ಡಾಕ್ಟರನ್ನು ಅದೇ ದಿನ ಕೇಳಿ. ಮನೆಯಲ್ಲಿ ದೊಡ್ಡ ಮಗು ಇದ್ದರೆ ಅದರ ಲಸಿಕೆ ಕಾರ್ಡನ್ನೂ ಈಗಲೇ ತೆಗೆದು ನೋಡಿ. ಎಷ್ಟೋ ಸಲ ಬೂಸ್ಟರ್ ತಪ್ಪಿಹೋಗಿರುತ್ತದೆ.